ಅಣ್ಣನ ಸೆರೆ, ತಮ್ಮನ ಶಕೆ

ನಮ್ಮ ಅಣ್ಣ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ನಾನು ಬಿ.ಇ. ಮಾಡುತ್ತಿದ್ದೇನೆ. ರಜೆಗೆ ಲಕ್ಷ್ಮೇಶ್ವರಕ್ಕೆ ಬಂದಾಗ ಅವನ ನೋಟ್ಸ್ ಹಿಡಿದು ಪ್ರಶ್ನೆ ಕೇಳುವುದು ನನ್ನ ಕೆಲಸ. ಕಲ್ಯಾಣ ಚಾಲುಕ್ಯರ ಪುಟದಲ್ಲಿ ಆರನೇ ವಿಕ್ರಮಾದಿತ್ಯನಿಗೆ ಅರ್ಧ ಪುಟ ಮೀಸಲಾಗಿತ್ತು. ಪಟ್ಟವೇರಿದ್ದು 1076, ಹೊಸ ಶಕೆ ಆರಂಭ, ಆಸ್ಥಾನ ಕವಿ ಬಿಲ್ಹಣ, ನ್ಯಾಯಶಾಸ್ತ್ರಜ್ಞ ವಿಜ್ಞಾನೇಶ್ವರ, 50 ವರ್ಷಗಳ ಆಳ್ವಿಕೆ. ಅದರ ಮೇಲಿನ ಸಾಲಿನಲ್ಲಿ ಎರಡನೇ ಸೋಮೇಶ್ವರ ಎಂಬ ಹೆಸರು, ಪಕ್ಕದಲ್ಲಿ 1068–1076 ಎಂಬ ಇಸವಿ. ಅಷ್ಟೇ. ಈತ ಯಾರು ಎಂದು ಕೇಳಿದೆ. ವಿಕ್ರಮಾದಿತ್ಯನ ಅಣ್ಣ, ತಮ್ಮ ಇವನನ್ನು ಇಳಿಸಿ ತಾನು ಕೂತ, ಪರೀಕ್ಷೆಯಲ್ಲಿ ಇವನ ಮೇಲೆ ಪ್ರಶ್ನೆ ಬರುವುದಿಲ್ಲ ಮುಂದಿನದು ಕೇಳು ಎಂದ.

ನಾನು ಮುಂದಿನದು ಕೇಳಿದೆ. ಆದರೆ ಆ ಸಾಲು ತಲೆಯಲ್ಲಿ ಉಳಿಯಿತು. ಅದಕ್ಕೆ ಹಿಂದಿನ ವಾರ ನಡೆದ ಒಂದು ಸಂಗತಿಯೂ ಕಾರಣ. ಸಂಬಂಧಿಕರ ಮನೆಯ ಸೀಮಂತ ಕಾರ್ಯಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಎಲ್ಲರ ಎದುರು ನನ್ನನ್ನು ಹೊಗಳಿ, ಅಣ್ಣನ ಕಡೆ ನೋಡಿ, ಸಣ್ಣವನೇ ಮೊದಲು ದಡ ಸೇರುವ ಹಾಗೆ ಕಾಣುತ್ತದೆ ಎಂದರು. ಅಣ್ಣ ಹೋಳಿಗೆ ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಎದ್ದ. ನನಗೆ ಪಾಪ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಳಗೊಳಗೇ ಖುಷಿಯಾಗಿತ್ತು. ಆ ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಾನು ವಿಕ್ರಮಾದಿತ್ಯನ ಜೀವನ ಓದಲು ಕೂತದ್ದು.

ಮೊದಲು ನಮ್ಮ ಸೀಮೆಯ ಗುರುತು ಹೇಳಿಬಿಡುತ್ತೇನೆ. ಆಗ ಲಕ್ಷ್ಮೇಶ್ವರದ ಹೆಸರು ಪುಲಿಗೆರೆ. ಕವಿ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯದು ಎಂದು ಹೇಳಿಕೊಂಡನಲ್ಲ, ಅದೇ ಊರು. ಇದರ ಸುತ್ತಲಿನ ನಾಡಿಗೆ ಪುಲಿಗೆರೆ-300 ಎಂದೂ, ಅಣ್ಣಿಗೇರಿ, ಗದಗ ಕಡೆಯ ಎರೆಹೊಲದ ಸೀಮೆಗೆ ಬೆಳ್ವೊಲ-300 ಎಂದೂ ಶಾಸನಗಳು ಕರೆಯುತ್ತವೆ. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಕೂತಿದ್ದ ಚಕ್ರವರ್ತಿಗೆ ಇವೆರಡೂ ಬಹಳ ಮುಖ್ಯವಾದ ನಾಡುಗಳು. ಇಲ್ಲಿಯ ಆಡಳಿತವನ್ನು ಮನೆಯ ಮಕ್ಕಳಿಗೇ ಒಪ್ಪಿಸುವ ಪದ್ಧತಿಯಿತ್ತು.

ಒಂದನೇ ಸೋಮೇಶ್ವರ ಸುಮಾರು 1042ರಲ್ಲಿ ಪಟ್ಟಕ್ಕೆ ಬಂದ. ಆಹವಮಲ್ಲ ಎಂಬುದು ಅವನ ಬಿರುದು. ಈ ಕತೆಗೆ ಬೇಕಾದ ಅವನ ಮಕ್ಕಳು ಮೂವರು. ಹಿರಿಯನಿಗೆ ತಂದೆಯದೇ ಹೆಸರು, ಸೋಮೇಶ್ವರ. ನಡುವಿನವ ವಿಕ್ರಮಾದಿತ್ಯ. ಕಿರಿಯವ ಜಯಸಿಂಹ. 1050ರ ಆಸುಪಾಸಿನಲ್ಲಿ ಹಿರಿಯ ಮಗನ ಕೈಗೆ ಬೆಳ್ವೊಲ ಮತ್ತು ಪುಲಿಗೆರೆ ಬಂದವು. 1055ರ ಹೊತ್ತಿಗೆ ನಡುವಿನ ಮಗ ಗಂಗವಾಡಿ ಮತ್ತು ಬನವಾಸಿ ನಾಡುಗಳನ್ನು ಆಳುತ್ತಿದ್ದ ಎಂಬುದಕ್ಕೆ ಬಂಕಾಪುರದ ಶಾಸನ ಸಾಕ್ಷಿ. ಲಕ್ಷ್ಮೇಶ್ವರದಿಂದ ಬಂಕಾಪುರ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ತಾಸು. ಒಬ್ಬನ ಹೊಲದ ಬದುವಿಗೆ ಇನ್ನೊಬ್ಬನ ಹೊಲ ಹತ್ತಿದ ಹಾಗೆ ಅಣ್ಣತಮ್ಮಂದಿರ ಸೀಮೆಗಳಿದ್ದವು. ನಮ್ಮ ಕಡೆ ಬದುವಿನ ಜಗಳ ಹೇಗೆ ಹುಟ್ಟುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ವಿಕ್ರಮಾದಿತ್ಯನ ಬಾಲ್ಯ ಮತ್ತು ಯೌವನ ನಮಗೆ ಗೊತ್ತಾಗುವುದು ಬಹುಪಾಲು ಬಿಲ್ಹಣನಿಂದ. ಬಿಲ್ಹಣ ಕಾಶ್ಮೀರದವ. ಊರೂರು ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದು ಇದೇ ರಾಜನ ಆಸ್ಥಾನದಲ್ಲಿ ವಿದ್ಯಾಪತಿ ಎಂಬ ಪದವಿ ಪಡೆದವ. ಅವನು ಸಂಸ್ಕೃತದಲ್ಲಿ 18 ಸರ್ಗಗಳ ವಿಕ್ರಮಾಂಕದೇವಚರಿತ ಬರೆದ. ಅದರ ಪ್ರಕಾರ ಮಕ್ಕಳಿಲ್ಲದ ಆಹವಮಲ್ಲ ಶಿವನನ್ನು ಕುರಿತು ತಪಸ್ಸು ಮಾಡುತ್ತಾನೆ. ಮೂವರು ಮಕ್ಕಳಾಗುತ್ತಾರೆ, ಆದರೆ ಎರಡನೆಯವನು ಮಾತ್ರ ಶಿವನ ವಿಶೇಷ ಕೃಪೆಯಿಂದ ಹುಟ್ಟುವವನು ಎಂದು ಅಶರೀರವಾಣಿಯಾಗುತ್ತದೆ. ಮಗ ದೊಡ್ಡವನಾದ ಮೇಲೆ ತಂದೆ ಅವನನ್ನೇ ಯುವರಾಜನನ್ನಾಗಿ ಮಾಡಲು ಹೊರಡುತ್ತಾನೆ. ವಿಕ್ರಮ ಮಾತ್ರ ಅಣ್ಣನಿರುವಾಗ ತನಗೆ ಅದು ಸಲ್ಲದು ಎಂದು ನಿರಾಕರಿಸುತ್ತಾನೆ. ಹೀಗಾಗಿ ಅಣ್ಣ ಯುವರಾಜನಾಗುತ್ತಾನೆ, ಯುದ್ಧದ ಕೆಲಸವೆಲ್ಲ ತಮ್ಮನ ಪಾಲಿಗೆ ಬರುತ್ತದೆ.

ಓದುವಾಗ ನನಗೆ ಇದು ಬಹಳ ಹಿಡಿಸಿತು. ಬುದ್ಧಿವಂತ ತಮ್ಮ, ತ್ಯಾಗಿ ತಮ್ಮ, ದುಡಿಯುವ ತಮ್ಮ. ಅಣ್ಣನಿಗೂ ಓದಿ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ: ಈ ಕವಿಗೆ ಸಂಬಳ ಕೊಡುತ್ತಿದ್ದವನು ಯಾರು? ಕೆಪಿಎಸ್‌ಸಿಗೆ ಓದುವವರ ಹತ್ತಿರ ವಾದಕ್ಕಿಳಿಯಬಾರದು.

ಅಲ್ಲಿಂದ ನಾನು ಬಿಲ್ಹಣನ ಪಕ್ಕದಲ್ಲಿ ಶಾಸನಗಳನ್ನೂ ಇಟ್ಟುಕೊಂಡು ಓದಬೇಕಾಯಿತು.

ಆ ಕಾಲದ ದೊಡ್ಡ ವೈರ ಚಾಲುಕ್ಯರಿಗೂ ತಂಜಾವೂರು ಕಡೆಯ ಚೋಳರಿಗೂ ಇತ್ತು. ಅದರ ಬಿಸಿ ನೇರವಾಗಿ ತಟ್ಟಿದ್ದು ನಮ್ಮ ನಾಡಿಗೆ. ಚೋಳ ರಾಜಾಧಿರಾಜ ಬೆಳ್ವೊಲ-ಪುಲಿಗೆರೆಗೆ ನುಗ್ಗಿ ಗಂಗರ ಕಾಲದ ಬಸದಿಗಳನ್ನು ಸುಟ್ಟ. ಮುಂದೆ 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಅದೇ ರಾಜಾಧಿರಾಜ ಆನೆಯ ಮೇಲಿದ್ದಂತೆಯೇ ಸತ್ತ. ಅವನ ತಮ್ಮ ಎರಡನೇ ರಾಜೇಂದ್ರ ರಣರಂಗದಲ್ಲೇ ಕಿರೀಟ ಇಟ್ಟುಕೊಂಡ. ಅವನ ನಂತರ ಇನ್ನೊಬ್ಬ ತಮ್ಮ ವೀರರಾಜೇಂದ್ರ ಬಂದ. ಅಲ್ಲಿಯೂ ಅಣ್ಣತಮ್ಮಂದಿರೇ ಮೂವರು, ಆದರೆ ಒಬ್ಬರ ನಂತರ ಒಬ್ಬರು ಪಟ್ಟವೇರಿದರು. ಈ ವೀರರಾಜೇಂದ್ರನ ಹೆಸರು ನೆನಪಿಟ್ಟುಕೊಳ್ಳಿ, ಮದುವೆಯ ಮಾತಿಗೆ ಬೇಕಾಗುತ್ತದೆ.

1068ರ ಮಾರ್ಚ್ ಕೊನೆಯಲ್ಲಿ ಆಹವಮಲ್ಲ ವಾಸಿಯಾಗದ ಜ್ವರಕ್ಕೆ ಬಿದ್ದು, ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಜಲಸಮಾಧಿಯಾದ. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಹೊಳೆಯಲ್ಲೇ ಮೇಲಕ್ಕೆ ಹೋದರೆ ಕುರುವತ್ತಿ ಸಿಗುತ್ತದೆ. ತಂದೆ ನೀರಿಗಿಳಿದಾಗ ನಡುವಿನ ಮಗ ಹತ್ತಿರವಿರಲಿಲ್ಲ, ದಂಡಯಾತ್ರೆಯಲ್ಲಿದ್ದ. ಬಿಲ್ಹಣ ಅವನಿಗೆ ಕೃಷ್ಣಾ ನದಿಯ ದಡದಲ್ಲಿ ಅಪಶಕುನಗಳು ಕಂಡವು ಎನ್ನುತ್ತಾನೆ. ತಂದೆ ಹೋದ ಎರಡು ವಾರದೊಳಗೆ, ಏಪ್ರಿಲ್‌ನಲ್ಲಿ, ಹಿರಿಯ ಮಗ ಭುವನೈಕಮಲ್ಲ ಎಂಬ ಬಿರುದಿನೊಂದಿಗೆ ಪಟ್ಟವೇರಿದ.

ತಂದೆಯ ಕೊನೆಯ ಗಳಿಗೆಯಲ್ಲಿ ಊರಲ್ಲಿಲ್ಲದ ಮಗ, ಬರುವಷ್ಟರಲ್ಲಿ ಮನೆಯ ಯಜಮಾನಿಕೆ ತೀರ್ಮಾನವಾಗಿರುವುದು. ಇಂಥ ಮನೆಗಳನ್ನು ನಾವು ಹಳ್ಳಿಯಲ್ಲಿ ಎಷ್ಟೋ ನೋಡಿದ್ದೇವೆ. ವಿಕ್ರಮ ಕಲ್ಯಾಣಕ್ಕೆ ಬಂದ, ದಂಡಯಾತ್ರೆಯಲ್ಲಿ ಸಿಕ್ಕ ಸಂಪತ್ತನ್ನು ಅಣ್ಣನಿಗೆ ಒಪ್ಪಿಸಿದ, ಕೆಲ ದಿನ ಇಬ್ಬರೂ ಚೆನ್ನಾಗಿದ್ದರು ಎಂದು ಬಿಲ್ಹಣ ಹೇಳುತ್ತಾನೆ. ಆಮೇಲೆ ಸೋಮೇಶ್ವರನಿಗೆ ಅಧಿಕಾರದ ಮದ ಏರಿತು, ಲೋಭ ಬಂತು, ಯಾರನ್ನು ಕಂಡರೂ ಸಂಶಯ ಶುರುವಾಯಿತು. ವಿಕ್ರಮ ಕಿರಿಯ ತಮ್ಮ ಜಯಸಿಂಹನನ್ನು ಜೊತೆಗೆ ಕರೆದುಕೊಂಡು ಕಲ್ಯಾಣ ಬಿಟ್ಟ. ಅಣ್ಣ ಹಿಂದೆ ಸೈನ್ಯ ಕಳಿಸಿದ, ತಮ್ಮ ಅದನ್ನು ಸೋಲಿಸಿದ, ತುಂಗಭದ್ರೆಯತ್ತ ಸರಿದ.

ಅಣ್ಣ ಬರೆಸಿದ ಕಾವ್ಯ ಒಂದಿದ್ದಿದ್ದರೆ ಇದೇ ಕತೆ ಹೇಗಿರುತ್ತಿತ್ತು? ಅರಸನ ಅಪ್ಪಣೆಯಿಲ್ಲದೆ ಸೈನ್ಯ ಕಟ್ಟಿಕೊಂಡು, ಮನೆಯ ಕಿರಿಯ ಹುಡುಗನನ್ನೂ ಸೆಳೆದುಕೊಂಡು ರಾಜಧಾನಿ ಬಿಟ್ಟ ತಮ್ಮನನ್ನು ಯಾವ ಅರಸ ಸುಮ್ಮನೆ ಬಿಟ್ಟಾನು? ಸೋಮೇಶ್ವರನ ಶಾಸನಗಳಲ್ಲಿ ಹುಚ್ಚು ಅರಸನೊಬ್ಬ ಕಾಣುವುದಿಲ್ಲ. ದಾನ ಕೊಡುವ, ಅಧಿಕಾರಿಗಳನ್ನು ನೇಮಿಸುವ, ಗುತ್ತಿಯ ಕೋಟೆಗೆ ಮುತ್ತಿಗೆ ಹಾಕಿದ ಚೋಳರನ್ನು ಹಿಂದಕ್ಕೆ ಅಟ್ಟಿದೆನೆಂದು ಹೇಳಿಕೊಳ್ಳುವ, ಎಲ್ಲರಂತೆಯೇ ಒಬ್ಬ ದೊರೆ ಕಾಣುತ್ತಾನೆ. ಅಷ್ಟೇ ಅಲ್ಲ, 1070ರ ನಂತರದ ಕೆಲ ಶಾಸನಗಳಲ್ಲಿ ವಿಕ್ರಮಾದಿತ್ಯ ಅಣ್ಣನ ಅಧೀನದಲ್ಲಿ ನಾಡು ಆಳುವವನಾಗಿಯೇ ಬರುತ್ತಾನೆ. ಅಂದರೆ ಜಗಳ ಒಂದೇ ದಿನ ಸ್ಫೋಟಗೊಂಡದ್ದಲ್ಲ. ಎಂಟು ವರ್ಷ ಹೊರಗೆ ಒಂದು, ಒಳಗೆ ಒಂದು ನಡೆದಿದೆ. ಹಬ್ಬಕ್ಕೆ ಸೇರಿ ಊಟ ಮಾಡಿ, ಮರುದಿನ ವಕೀಲರ ಮನೆಗೆ ಹೋಗುವ ಅಣ್ಣತಮ್ಮಂದಿರ ಹಾಗೆ.

ಈ ನಡುವೆಯೇ ಮದುವೆ ನಡೆದದ್ದು.

ಅಣ್ಣನನ್ನು ಬಿಟ್ಟು ಬಂದ ವಿಕ್ರಮನಿಗೆ ಬೆನ್ನಿಗೊಬ್ಬರು ಬೇಕಿತ್ತು. ಚೋಳ ವೀರರಾಜೇಂದ್ರನಿಗೆ ಚಾಲುಕ್ಯರ ಮನೆ ಒಡೆಯಬೇಕಿತ್ತು. ಚೋಳನೇ ಮಗಳನ್ನು ಕೊಡುತ್ತೇನೆಂದು ದೂತನನ್ನು ಕಳಿಸಿದ, ತುಂಗಭದ್ರೆಯ ದಡದಲ್ಲಿ ಮದುವೆಯಾಯಿತು ಎಂಬುದು ಬಿಲ್ಹಣನ ವಿವರ. ಚೋಳರ ಶಾಸನ ಇದನ್ನೇ ಬೇರೆ ರೀತಿ ಹೇಳುತ್ತದೆ. ವೀರರಾಜೇಂದ್ರ ಸೋಮೇಶ್ವರನನ್ನು ಕನ್ನಡ ನಾಡಿನಿಂದ ಓಡಿಸಿ, ತನ್ನ ಕಾಲು ಹಿಡಿದ ವಿಕ್ರಮಾದಿತ್ಯನ ಕೊರಳಿಗೆ ಕಂಠಿಕೆ ಕಟ್ಟಿ, ಏಳೂವರೆ ಲಕ್ಷದ ರಟ್ಟಪಾಡಿಯನ್ನು ಅವನಿಗೆ ಗೆದ್ದುಕೊಟ್ಟನಂತೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ತಾವೇ ಬಂದರು ಎನ್ನುವುದು, ಹೆಣ್ಣಿನ ಕಡೆಯವರು ಅಳಿಯನನ್ನು ತಾವೇ ಉದ್ಧಾರ ಮಾಡಿದೆವು ಎನ್ನುವುದು. ಸಾವಿರ ವರ್ಷದಲ್ಲಿ ಬೀಗರ ಮಾತು ಏನೂ ಬದಲಾಗಿಲ್ಲ.

ಆ ಹುಡುಗಿ ಯಾರು? ಇತಿಹಾಸ ಆಕೆಯನ್ನು ಚೋಳನ ಮಗಳು ಎಂದಷ್ಟೇ ಗುರುತಿಸುತ್ತದೆ. ಆಕೆಯ ದೊಡ್ಡಪ್ಪ ರಾಜಾಧಿರಾಜ ಸತ್ತದ್ದು ಗಂಡನ ತಂದೆಯ ಸೈನ್ಯದ ಕೈಯಲ್ಲಿ. ಈಗ ಅದೇ ಮನೆಗೆ ಸೊಸೆ. ಅದೂ ಒಡೆದ ಮನೆ, ಅತ್ತೆಮನೆಯ ಅರಮನೆಯಲ್ಲಲ್ಲ, ಹೊಳೆ ದಂಡೆಯ ಪಾಳೆಯದಲ್ಲಿ ಧಾರೆ. ಗಂಡ ತನ್ನ ಅಣ್ಣನಿಗೆ ಹೆದರಿಸಲು ಆಕೆಯನ್ನು ಕಟ್ಟಿಕೊಂಡ, ಅಪ್ಪ ಶತ್ರುವಿನ ಮನೆಗೆ ಬೆಣೆ ಹೊಡೆಯಲು ಕೊಟ್ಟ. ಮದುವೆ ಎಂಬ ಹೆಸರಿನ ಒಪ್ಪಂದ ಪತ್ರ ಅದು.

ಮಾವ ಬದುಕಿರುವವರೆಗೆ ಮಾತ್ರ ಆ ಒಪ್ಪಂದಕ್ಕೆ ಬೆಲೆ. 1070ರಲ್ಲಿ ವೀರರಾಜೇಂದ್ರ ತೀರಿಕೊಂಡ. ಚೋಳ ರಾಜ್ಯದಲ್ಲಿ ದಂಗೆ ಎದ್ದಿತು. ವಿಕ್ರಮ ಕಂಚಿಗೆ ಹೋಗಿ, ಗಲಭೆ ಅಡಗಿಸಿ, ಹೆಂಡತಿಯ ಸೋದರ ಅಧಿರಾಜೇಂದ್ರನನ್ನು ಪಟ್ಟದ ಮೇಲೆ ಕೂರಿಸಿ ಮರಳಿದ. ಅವನು ತುಂಗಭದ್ರೆಗೆ ಮರಳಿದ ಸ್ವಲ್ಪ ದಿನಗಳಲ್ಲೇ ಹೊಸ ದಂಗೆಯಲ್ಲಿ ಬಾವಮೈದುನ ಸತ್ತ ಸುದ್ದಿ ಬಂತು. ಪಟ್ಟ ಹಿಡಿದವನು ವೆಂಗಿಯ ಚಾಲುಕ್ಯ ರಾಜೇಂದ್ರ. ಮುಂದೆ ಒಂದನೇ ಕುಲೋತ್ತುಂಗ ಚೋಳ ಎಂದು ಪ್ರಸಿದ್ಧನಾದವನು ಇವನೇ. ಬಿಲ್ಹಣ ಇವನನ್ನು ತಿರಸ್ಕಾರದಿಂದ ರಾಜಿಗ ಎನ್ನುತ್ತಾನೆ. ಇವನ ತಾಯಿ ವೀರರಾಜೇಂದ್ರನ ಸೋದರಿ. ಅಂದರೆ ಆ ಹುಡುಗಿಗೆ ಇವನು ಸೋದರತ್ತೆಯ ಮಗ. ತಂದೆ ಹೋದ, ತಮ್ಮನೋ ಅಣ್ಣನೋ ಆದ ಒಡಹುಟ್ಟಿದವನು ಹೋದ, ತವರಿನ ಸಿಂಹಾಸನದ ಮೇಲೆ ಅತ್ತೆಯ ಮಗ ಕೂತ. ಅವನಿಗೂ ಆಕೆಯ ಗಂಡನಿಗೂ ಜನ್ಮವೈರ. ಒಂದೇ ವರ್ಷದಲ್ಲಿ ಇಷ್ಟೆಲ್ಲ. ತವರು ಮುಗಿದ ಮೇಲೆ ಗಂಡನ ಮನೆಯಲ್ಲಿ ಆಕೆಯ ಸ್ಥಾನ ಏನಾಯಿತೋ, ಬಿಲ್ಹಣನ ಆಸಕ್ತಿ ಬೇರೆ ಕಡೆ ಹೋಗುತ್ತದೆ. ಅವನ ಕಾವ್ಯದಲ್ಲಿ ಸರ್ಗಗಟ್ಟಲೆ ವರ್ಣನೆ ಸಿಗುವುದು ಮುಂದೆ ಬಂದ ರಾಣಿ ಚಂದಲದೇವಿಗೆ.

ಈಗ ಗಾವರವಾಡದ ಕಲ್ಲಿನ ವಿಷಯ. ಅಣ್ಣಿಗೇರಿ ಸಮೀಪದ ಈ ಊರಿನ ಶಾಸನ 1071-72ರದು, ಅಂದರೆ ಸೋಮೇಶ್ವರನ ಆಳ್ವಿಕೆಯದು. ಚೋಳ ಬೆಳ್ವೊಲಕ್ಕೆ ನುಗ್ಗಿದ್ದು, ಬಸದಿಗಳನ್ನು ಸುಟ್ಟದ್ದು, ಆ ಪಾಪಕ್ಕೆ ಆಹವಮಲ್ಲನ ಕೈಯಲ್ಲಿ ತಲೆ ಕೊಟ್ಟು ಸತ್ತದ್ದು ಎಲ್ಲವನ್ನೂ ಅದು ಕಟುವಾದ ಮಾತಿನಲ್ಲಿ ನೆನೆಯುತ್ತದೆ. ಸೋಮೇಶ್ವರನ ಅಧಿಕಾರಿ ಲಕ್ಷ್ಮರಸ ಅಣ್ಣಿಗೇರಿಯ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿ ದಾನ ಕೊಟ್ಟದ್ದು ಇದರ ಮುಖ್ಯ ವಿಷಯ. ಸುಟ್ಟದ್ದು 17-18 ವರ್ಷದ ಹಿಂದೆ. ಅದನ್ನು ಇಷ್ಟು ಬಿಡಿಸಿ ಈಗ ಕೆತ್ತಿಸಿದ್ದು ಏಕೆ? ಅರಸನ ತಮ್ಮ ಅದೇ ಚೋಳರ ಮನೆಯ ಅಳಿಯನಾಗಿ ಎರಡು-ಮೂರು ವರ್ಷವಾಗಿತ್ತು. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ತಪ್ಪಿದ್ದರೂ ಇರಬಹುದು. ಆದರೆ ಬೆಳ್ವೊಲ ಮತ್ತು ಪುಲಿಗೆರೆ ಸೋಮೇಶ್ವರ ಹುಡುಗನಾಗಿದ್ದಾಗಿನಿಂದ ನೋಡಿಕೊಂಡ ನಾಡುಗಳು. ತಮ್ಮ ಯಾರ ಮನೆಯ ಹೆಣ್ಣು ತಂದಿದ್ದಾನೆ ನೋಡಿ ಎಂದು ಈ ಜನಕ್ಕೆ ನೆನಪಿಸುವ ಉದ್ದೇಶ ಆ ಕಲ್ಲಿನಲ್ಲಿ ಇದ್ದೇ ಇದೆ ಎಂದು ನನಗೆ ಅನ್ನಿಸುತ್ತದೆ. ಸೋತ ಅಣ್ಣನಿಗೆ ಕಾವ್ಯವಿಲ್ಲ. ಅವನ ಪಕ್ಷದ ಮಾತು ಏನಾದರೂ ಕೇಳಬೇಕಿದ್ದರೆ ನಮ್ಮ ಗದಗ ಸೀಮೆಯ ಇಂಥ ಕಲ್ಲುಗಳನ್ನೇ ಕೇಳಬೇಕು.

ಆದರೆ ಅದೇ ಸೋಮೇಶ್ವರ ಮುಂದೆ ಮಾಡಿದ್ದೇನು? ತಮ್ಮನನ್ನು ಮುಗಿಸಲು ಕುಲೋತ್ತುಂಗ ಚೋಳನ ಜೊತೆಗೇ ಕೈ ಜೋಡಿಸಿದ. ಬಸದಿ ಸುಟ್ಟ ಸಿಂಹಾಸನದ ಮೇಲೆ ಕೂತವನೊಂದಿಗೇ. ಇಬ್ಬರಲ್ಲಿ ಯಾರೂ ಕಡಿಮೆಯಿಲ್ಲ. ವಿಕ್ರಮನ ಕಡೆ ಹೊಯ್ಸಳರು, ಸೇವುಣರು, ಉಚ್ಚಂಗಿಯ ಪಾಂಡ್ಯರಂಥ ಸಾಮಂತರಿದ್ದರು. ಕಿರಿಯ ತಮ್ಮ ಜಯಸಿಂಹನಂತೂ ಮೊದಲಿನಿಂದ ಜೊತೆಗಿದ್ದ. ಮುಂದಿನಿಂದ ಕುಲೋತ್ತುಂಗ, ಹಿಂದಿನಿಂದ ಅಣ್ಣ. ಇಲ್ಲಿ ಬಿಲ್ಹಣ ವಿಕ್ರಮನಿಗೆ ಸಂಕಟ ತರುತ್ತಾನೆ. ಅಣ್ಣನ ಮೇಲೆ ಕತ್ತಿ ಎತ್ತಲಾರೆ ಎಂದು ಒದ್ದಾಡುವಾಗ ಕನಸಿನಲ್ಲಿ ಶಿವ ಬಂದು ಯುದ್ಧ ಮಾಡು ಎನ್ನುತ್ತಾನೆ. ಗೆದ್ದ ಮೇಲೆ ಅಣ್ಣನನ್ನು ಬಿಟ್ಟುಬಿಡಬೇಕೆಂದುಕೊಂಡರೂ ಶಿವನೇ ಮತ್ತೆ ಸಿಟ್ಟಿನಿಂದ ರಾಜ್ಯ ವಹಿಸಿಕೊ ಎಂದು ಆಜ್ಞೆ ಮಾಡುತ್ತಾನೆ. ಜವಾಬ್ದಾರಿಯನ್ನು ದೇವರ ತಲೆಗೆ ಕಟ್ಟುವುದು ಸುಲಭ. ಆದರೂ ಒಂದು ಮಾತು ಹೇಳಬೇಕು. ಅಣ್ಣನನ್ನು ಇಳಿಸಿದ್ದಕ್ಕೆ ಸಮಜಾಯಿಷಿ ಬೇಕು ಎಂದು ಕವಿಗೆ ಅನ್ನಿಸಿದೆ ಎಂದರೆ, ಕಲ್ಯಾಣದ ಓಣಿಗಳಲ್ಲಿ ಜನ ಆ ಬಗ್ಗೆ ಮಾತಾಡುತ್ತಿದ್ದರು ಎಂದೇ ಅರ್ಥ.

1076ರಲ್ಲಿ ಅಣ್ಣ ಸೆರೆಯಾದ. ಆ ವರ್ಷದ ನಂತರ ಶಾಸನಗಳಲ್ಲಿ ಅವನ ಆಳ್ವಿಕೆ ನಿಲ್ಲುತ್ತದೆ. ಇತ್ತ ಕುಲೋತ್ತುಂಗ ತಾನು ವಿಕ್ರಮನನ್ನು ಕೋಲಾರ ಕಡೆಯ ನಂಗಲಿಯಿಂದ ತುಂಗಭದ್ರೆಯವರೆಗೆ ಅಟ್ಟಿದೆನೆಂದು ಕೆತ್ತಿಸಿಕೊಂಡ. ಗೆಲುವು ಇಬ್ಬರೂ ಬರೆಸಿಕೊಂಡರು, ಸೋಲು ಸೋಮೇಶ್ವರನೊಬ್ಬನ ಪಾಲಿಗೆ ಉಳಿಯಿತು.

ಪಟ್ಟವೇರಿದ ವಿಕ್ರಮಾದಿತ್ಯ ಮಾಡಿದ ಮೊದಲ ಕೆಲಸ ಕಾಲವನ್ನೇ ಹೊಸದಾಗಿ ಎಣಿಸಲು ಹಚ್ಚಿದ್ದು. ಶಕ ವರ್ಷವನ್ನು ಬದಿಗಿಟ್ಟು, ತಾನು ಪಟ್ಟಕ್ಕೆ ಬಂದ ವರ್ಷವೇ ಒಂದು ಎಂದು ಚಾಲುಕ್ಯ ವಿಕ್ರಮ ಶಕೆ ಆರಂಭಿಸಿದ. ನಮ್ಮ ಭಾಗದ ನೂರಾರು ಶಾಸನಗಳಲ್ಲಿ ಈ ಎಣಿಕೆಯಿದೆ. ಪರೀಕ್ಷೆಗೆ ಇದನ್ನು ವಿಕ್ರಮಾದಿತ್ಯನ ಸಾಧನೆ ಎಂದು ಬಾಯಿಪಾಠ ಮಾಡುತ್ತೇವೆ. ನನಗೆ ಈಗ ಅದರಲ್ಲಿ ಬೇರೊಂದು ಕಾಣುತ್ತದೆ. ಎಣಿಕೆ 1076ರಿಂದ ಶುರುವಾದರೆ ಅಣ್ಣನ ಎಂಟು ವರ್ಷ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಜಯಸಿಂಹ. ಕಲ್ಯಾಣ ಬಿಟ್ಟ ದಿನದಿಂದ ನಡುವಿನ ಅಣ್ಣನ ಬೆನ್ನಿಗೆ ನಿಂತವನು. ಅವನಿಗೆ ಯುವರಾಜ ಪದವಿಯೂ ಬನವಾಸಿಯೂ ಸಿಕ್ಕವು. ಜೊತೆಗೆ ಬೆಳ್ವೊಲ ಮತ್ತು ಪುಲಿಗೆರೆ. ಹಿರಿಯಣ್ಣ ಒಂದು ಕಾಲಕ್ಕೆ ಆಳಿದ ಅದೇ ಎರಡು ನಾಡು. 1080ರ ಆಸುಪಾಸಿನ ಲಕ್ಷ್ಮೇಶ್ವರದ ಶಾಸನಗಳಲ್ಲಿ ಯುವರಾಜ ಜಯಸಿಂಹನ ಹೆಸರು ಬರುತ್ತದೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ತಮ್ಮ ಸೈನ್ಯ ಕೂಡಿಸುತ್ತಿದ್ದಾನೆ, ಚೋಳರ ಜೊತೆ ಸಂಪರ್ಕ ಇಟ್ಟುಕೊಂಡಿದ್ದಾನೆ ಎಂಬ ಸುದ್ದಿ ಕಲ್ಯಾಣಕ್ಕೆ ಬಂತು. ವಿಕ್ರಮ ಮೊದಲು ನಂಬಲಿಲ್ಲ, ಬುದ್ಧಿ ಹೇಳಿ ನೋಡಿದ, ಕೊನೆಗೆ ಕೃಷ್ಣಾ ತೀರದಲ್ಲಿ ಯುದ್ಧವಾಗಿ ಜಯಸಿಂಹ ಸಿಕ್ಕಿಬಿದ್ದ. ವಿಕ್ರಮ ಅವನೊಂದಿಗೆ ಕರುಣೆಯಿಂದ ನಡೆದುಕೊಂಡ ಎನ್ನುತ್ತಾನೆ ಬಿಲ್ಹಣ. 1080ರ ದಶಕದ ಮೊದಲ ವರ್ಷಗಳಲ್ಲಿ ಇದು ಮುಗಿಯಿತು. ಪುಲಿಗೆರೆಯನ್ನು ಆಳಿದ ಇಬ್ಬರು ರಾಜಕುಮಾರರೂ ಹೀಗೆ ಒಬ್ಬನ ಕೈಯಲ್ಲೇ ಸೋತರು.

ತಮ್ಮನಿಗೆ ಅಣ್ಣನ ಮೇಲೆ ಏಳುವುದನ್ನು ಕಲಿಸಿದವರು ಯಾರು ಎಂದು ಜಯಸಿಂಹನನ್ನು ಕೇಳಿದ್ದರೆ ಏನು ಹೇಳುತ್ತಿದ್ದನೋ. ಎಂಟು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದನಲ್ಲ.

ಆಮೇಲಿನ ನಾಲ್ಕು ದಶಕ ಕನ್ನಡನಾಡಿಗೆ ಒಳ್ಳೆಯ ಕಾಲ, ಅದನ್ನು ಒಪ್ಪಲೇಬೇಕು. ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದದ್ದು ಅವನ ದಂಡನಾಯಕನಿಂದ. ಮುಂಡರಗಿ ತಾಲ್ಲೂಕಿನ ಡಂಬಳದ 1095-96ರ ಶಾಸನ ನನಗೆ ಎಲ್ಲಕ್ಕಿಂತ ಇಷ್ಟ. ವ್ಯಾಪಾರಿ ಶೆಟ್ಟಿಗಳು ಅಲ್ಲಿ ಬುದ್ಧನಿಗೆ ವಿಹಾರ ಕಟ್ಟಿಸಿದ್ದಾರೆ. ಲೊಕ್ಕಿಗುಂಡಿ ಎಂದರೆ ಇಂದಿನ ಲಕ್ಕುಂಡಿ, ಅಲ್ಲಿಯ ಶೆಟ್ಟಿಯೊಬ್ಬ ತಾರಾದೇವಿಗೆ ಇನ್ನೊಂದು ವಿಹಾರ ಕಟ್ಟಿಸಿದ್ದಾನೆ. ನಮ್ಮ ಡಂಬಳದಲ್ಲಿ ಬೌದ್ಧರಿದ್ದರು! ಆಗ ಧರ್ಮವೊಳಲು ಎನಿಸಿದ್ದ ಆ ಊರನ್ನೂ 18 ಅಗ್ರಹಾರಗಳನ್ನೂ ಆಳುತ್ತಿದ್ದವಳು ರಾಣಿ ಲಕ್ಷ್ಮಾದೇವಿ. ಗೆಳತಿಯರಿಗೆ ಈ ಮಾತು ಹೇಳಿದಾಗ ರಾಣಿಯರಿಗೆ ಆಡಳಿತವನ್ನೂ ಕೊಡುತ್ತಿದ್ದರಾ ಎಂದು ಬೆರಗಾದರು. ವಿಕ್ರಮಾದಿತ್ಯನಿಗೆ ಹಲವರು ರಾಣಿಯರು. ಕೆಲವರಿಗೆ ನಾಡು, ಊರುಗಳ ಆಡಳಿತವನ್ನೇ ಒಪ್ಪಿಸಿದ್ದ. ಅಣ್ಣತಮ್ಮಂದಿರಿಗೆ ಸೀಮೆ ಕೊಟ್ಟು ಸುಟ್ಟುಕೊಂಡವನು ಹೆಂಡಂದಿರಿಗೆ ಕೊಡುವುದೇ ಕ್ಷೇಮ ಎಂದುಕೊಂಡನೇನೋ, ಇದು ನನ್ನ ಊಹೆ.

ಚಂದಲದೇವಿ ಕರಹಾಟದ, ಅಂದರೆ ಮಹಾರಾಷ್ಟ್ರದ ಕರಾಡದ, ಶಿಲಾಹಾರರ ಮಗಳು. ಸ್ವಯಂವರದಲ್ಲಿ ವಿಕ್ರಮನಿಗೆ ಮಾಲೆ ಹಾಕಿದಳು ಎಂದು ಬಿಲ್ಹಣ ಉತ್ಸಾಹದಿಂದ ವರ್ಣಿಸುತ್ತಾನೆ. ಆಕೆಯ ಹೆಸರು ಕಾಶ್ಮೀರಕ್ಕೂ ಮುಟ್ಟಿತ್ತು. ಅಲ್ಲಿಯ ಅರಸ ಹರ್ಷ ಕರ್ಣಾಟದ ರಾಣಿ ಚಂದಲೆಯ ಚಿತ್ರ ನೋಡಿಯೇ ಮರುಳಾಗಿ, ಆಕೆಯನ್ನು ಗೆದ್ದು ತರುತ್ತೇನೆಂದು ಪ್ರತಿಜ್ಞೆ ಮಾಡಿದ ಪ್ರಸಂಗವನ್ನು ಕಲ್ಹಣ ತನ್ನ ರಾಜತರಂಗಿಣಿಯಲ್ಲಿ ಗೇಲಿಯಾಗಿ ಬರೆದಿದ್ದಾನೆ. ಫೋಟೊ ನೋಡಿ ಮನಸೋಲುವುದು ಇನ್‌ಸ್ಟಾಗ್ರಾಮ್ ಕಾಲದ ರೋಗ ಎಂದು ತಿಳಿದವರು ಗಮನಿಸಿ.

ನಾನು ಹೆಚ್ಚು ಹೊತ್ತು ನಿಂತದ್ದು ವಿಜ್ಞಾನೇಶ್ವರನ ಹತ್ತಿರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಮಿತಾಕ್ಷರ. ಮನೆಯ ಆಸ್ತಿ ಹೇಗೆ ಹಂಚಬೇಕು ಎಂಬ ವಿಷಯದಲ್ಲಿ ಬಂಗಾಳದ ಕಡೆ ಬಿಟ್ಟು ಭಾರತದ ಬಹುಭಾಗದಲ್ಲಿ ನಡೆದದ್ದು ಇದೇ ಗ್ರಂಥ. ಇಂಗ್ಲಿಷರ ನ್ಯಾಯಾಲಯಗಳೂ ಇದನ್ನು ಮುಂದಿಟ್ಟುಕೊಂಡೇ ತೀರ್ಪು ಕೊಟ್ಟವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮ ಅದರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಅದೇ ಹುಟ್ಟಿನ ಹಕ್ಕು ಕೊಟ್ಟಾಗ ಬದಲಾದದ್ದು ಈ ಮಿತಾಕ್ಷರ ಪದ್ಧತಿಯೇ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಎಂದು ಹಳೆಯ ಸ್ಮೃತಿಗಳಲ್ಲಿ ಇದ್ದದ್ದನ್ನು ವಿಜ್ಞಾನೇಶ್ವರ ಒಪ್ಪಲಿಲ್ಲ. ಶಾಸ್ತ್ರದಲ್ಲಿದ್ದರೂ ಜನ ಒಪ್ಪದ್ದನ್ನು ನಡೆಸಬಾರದು, ಅಣ್ಣತಮ್ಮಂದಿರಿಗೆ ಸಮಪಾಲು ಎಂದ. ನಮ್ಮ ಅಪ್ಪ ಮತ್ತು ಕಾಕಾ ವಾಟ್ನಿ ಮಾಡಿಕೊಂಡಾಗ ಹಿರಿಯರು ಹೇಳಿದ್ದೂ ಅದನ್ನೇ, ವಿಜ್ಞಾನೇಶ್ವರನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ.

ಈ ಗ್ರಂಥ ಸಿದ್ಧವಾದದ್ದು ಕಲ್ಯಾಣದಲ್ಲಿ, ಅಣ್ಣನ ಸಿಂಹಾಸನದ ಮೇಲೆ ಕೂತ ತಮ್ಮನ ಆಶ್ರಯದಲ್ಲಿ. ಹೊಲ, ಮನೆ, ದನ ಹಂಚಬಹುದು. ಸಿಂಹಾಸನ ಹಂಚಲಾಗುವುದಿಲ್ಲ. ಹಿರಿತನಕ್ಕೆ ವಿಶೇಷ ಬೆಲೆಯಿಲ್ಲ ಎಂಬ ಮಾತು ಓದಿಸಿ ಕೇಳಿದಾಗ ವಿಕ್ರಮಾದಿತ್ಯನ ಮುಖ ಹೇಗಿತ್ತೋ! ಹಾಯೆನಿಸಿತೋ, ಚುಚ್ಚಿತೋ. ವಿಜ್ಞಾನೇಶ್ವರ ಗ್ರಂಥದ ಕೊನೆಗೆ ಕಲ್ಯಾಣದಂಥ ನಗರವಿಲ್ಲ, ವಿಕ್ರಮನಂಥ ಅರಸನಿಲ್ಲ ಎಂಬರ್ಥದಲ್ಲಿ ಹೊಗಳಿದ್ದಾನೆ. ಮುಖಸ್ತುತಿ ಎನ್ನಲು ಮನಸ್ಸು ಬರುವುದಿಲ್ಲ, ಅಷ್ಟು ದೊಡ್ಡ ವಿದ್ವಾಂಸ ಅವನು.

ಕುಲೋತ್ತುಂಗನ ಮೇಲಿನ ಹಗೆಯನ್ನು ವಿಕ್ರಮ ಬಿಡಲಿಲ್ಲ. ಸುಮಾರು 1118ರಲ್ಲಿ, ಇಬ್ಬರೂ ಹಣ್ಣು ಮುದುಕರಾಗಿದ್ದಾಗ, ಕುಲೋತ್ತುಂಗನ ಮೂಲ ನಾಡಾದ ವೆಂಗಿಯನ್ನು ಅವನಿಂದ ಕಿತ್ತುಕೊಂಡ. ಹೆಂಡತಿಯ ತವರು ಮುರಿದದ್ದಕ್ಕೆ 48 ವರ್ಷದ ನಂತರ ಸಿಕ್ಕ ಉತ್ತರ ಎನ್ನಬಹುದಿತ್ತು, ಅದನ್ನು ಕೇಳಿ ಸಮಾಧಾನಪಡಲು ಆ ಹುಡುಗಿ ಎಲ್ಲಿದ್ದಳೋ.

ರಜೆ ಮುಗಿಯುವ ಹಿಂದಿನ ಸಂಜೆ ಅಣ್ಣ ಮತ್ತು ನಾನು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋಗಿದ್ದೆವು. ಚಿಕ್ಕವನಿದ್ದಾಗ ಅದು ಸೋಮೇಶ್ವರ ಎಂಬ ರಾಜನ ಹೆಸರಿನ ಗುಡಿ ಎಂದೇ ತಿಳಿದಿದ್ದೆ. ಅಲ್ಲ, ಅದು ಆದಯ್ಯ ಸೌರಾಷ್ಟ್ರದಿಂದ ಕರೆತಂದನೆಂದು ನಂಬುವ ಶಿವನ ಹೆಸರು. ಆವರಣದ ಕಟ್ಟೆಯ ಮೇಲೆ ಕೂತು ಅವನಿಗೆ ಇದನ್ನೆಲ್ಲ ಹೇಳಿದೆ. ಸೀಮಂತದ ಊಟದ ದಿನ ನನಗೆ ಖುಷಿಯಾಗಿತ್ತು ಎಂಬುದನ್ನೂ ಹೇಳಿದೆ. ಗೊತ್ತಿತ್ತು ಎಂದ. ಆಮೇಲೆ ನೋಟ್ಸ್ ತೆಗೆದು, 1126ರಲ್ಲಿ ವಿಕ್ರಮಾದಿತ್ಯನ ನಂತರ ಬಂದವನು ಯಾರು ಎಂದು ಈ ಸಲ ಅವನೇ ನನಗೆ ಪ್ರಶ್ನೆ ಹಾಕಿದ.

ಮಗ. ಮಾನಸೋಲ್ಲಾಸ ಎಂಬ ದೊಡ್ಡ ವಿಶ್ವಕೋಶ ಬರೆದವನು, ತಂದೆಯ ಚರಿತ್ರೆಯನ್ನೂ ವಿಕ್ರಮಾಂಕಾಭ್ಯುದಯ ಎಂದು ಬರೆಯಲು ಹೊರಟವನು. ವಿಕ್ರಮಾದಿತ್ಯ ಅವನಿಗೆ ಇಟ್ಟ ಹೆಸರು ಸೋಮೇಶ್ವರ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಇಂದಿಗೂ ಇರುವ ರೂಢಿ, ಹಾಗೆ ಇಟ್ಟದ್ದೇ ಇರಬೇಕು. ಆದರೆ ಅರಮನೆಯಲ್ಲಿ ಆ ಹೆಸರು ಹಿಡಿದು ಕೂಗಿದಾಗಲೆಲ್ಲ ಮುದುಕನ ಕಿವಿಗೆ ಬೀಳುತ್ತಿದ್ದದ್ದು ಅಪ್ಪನ ಹೆಸರಷ್ಟೇನಾ ಎಂದು ಅಣ್ಣ ಕೇಳಿದ. ನೋಟ್ಸ್‌ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಗುಡಿಯ ಬಾಗಿಲು ಹಾಕುವ ಹೊತ್ತಾಗಿತ್ತು, ಎದ್ದು ಬಂದೆವು.